ಥಾಯ್ಲೆಂಡ್ ಹುಡುಗಿನ ಮದುವಿ ಆಗಿ ನಮ್ಮೂರಾಗ ಸಂಸಾರ ಮಾಡೋರು ಮೊದ್ಲೇ ಮಾಡ್ಕೋಬೇಕಾದ ಕೆಲಸ

ನಾನು ಗಂಗಾವತಿ ತಾಲೂಕಿನಾಂವ, ನಮ್ಮಾಕಿ ಥಾಯ್ಲೆಂಡಿನ ಈಸಾನ್ ಸೀಮ್ಯಾಕಿ, ಅಲ್ಲೂ ಭತ್ತ ಇಲ್ಲೂ ಭತ್ತ. ಮದುವಿ ಆಗಿ ಏಳು ವರ್ಷ ಆತು, ಮೊದಲೆರಡು ವರ್ಷ ಬ್ಯಾಂಕಾಕಿನ್ಯಾಗ ಇದ್ವಿ, ಆಮ್ಯಾಲಿಂದ ಇಲ್ಲೇ. ಸಿಂಧನೂರು ಕಡಿಯಿಂದ, ಬಳ್ಳಾರಿಯಿಂದ ಹುಡುಗ್ರು ಫೋನ್ ಮಾಡಿ ಕೇಳ್ತಾರ, ಅಣ್ಣ ಏನೇನು ಕಾಗದ ಬೇಕು, ಎಲ್ಲಿ ಹೋಗ್ಬೇಕು, ಮನ್ಯಾಗ ಹೆಂಗ ಹೇಳ್ಬೇಕು ಅಂತ. ಅದನ್ನೆಲ್ಲ ಒಂದ್ಸಲ ಕುಂತು ಬರೀತೀನಿ. ಒಂದು ಮಾತು ಮೊದ್ಲೇ ಹೇಳ್ಬಿಡ್ತೀನಿ, ನಾವೆಲ್ಲಾ ಅಕಿನ್ನ ಇಲ್ಲಿ ಸೆಟಲ್ ಮಾಡ್ಸೋ ಗಡಿಬಿಡ್ಯಾಗ ಅಕಿ ಊರಿನ ಕಾಗದ, ಅಕಿ ಊರಿನ ನಂಬರು, ಅಕಿ ಊರಿನ ಅಕೌಂಟು ಮರ್ತೇ ಬಿಡ್ತೀವಿ, ಅದು ತಪ್ಪು. ಯಾವಾಗ ಬೇಕಾದ್ರೂ ತವರಿಗೆ ಹೋಗಿ ಬರೋ ದಾರಿ ಅಕಿ ಕೈಯಾಗ ಇದ್ರನ ಇಲ್ಲಿ ಅಕಿಗೆ ನಿದ್ದಿ ಬರೋದು.

ಮದುವಿ ರಿಜಿಸ್ಟರ್ ಎಲ್ಲಿ ಮಾಡ್ಸಬೇಕು ಅನ್ನೋದು ಎಲ್ಲಾರೂ ಕೇಳೋ ಮೊದಲ ಪ್ರಶ್ನೆ. ಎರಡು ದಾರಿ ಐತಿ. ಇಲ್ಲಿ ಮಾಡ್ಸಿದ್ರ 1954ರ ಸ್ಪೆಷಲ್ ಮ್ಯಾರೇಜ್ ಆಕ್ಟ್ ಪ್ರಕಾರ, ನೋಟಿಸ್ ಕೊಡೋಕಿಂತ ಮೊದ್ಲು ಇಬ್ರಾಗ ಒಬ್ರಾದ್ರೂ ಆ ಜಿಲ್ಲ್ಯಾಗ 30 ದಿನ ಇದ್ದಿರಬೇಕು, ನೋಟಿಸ್ ಹಚ್ಚಿದ ಮ್ಯಾಲೆ ಇನ್ನೊಂದು 30 ದಿನ ಕಾಯ್ಬೇಕು, ಆಮ್ಯಾಲೆ ಮೂರು ಮಂದಿ ಸಾಕ್ಷಿ. ಅಕಿ ಕಡಿಯಿಂದ ಇನ್ನೂ ಮದುವಿ ಆಗಿಲ್ಲ ಅನ್ನೋ ಸರ್ಟಿಫಿಕೇಟ್ ಬೇಕು, ಅದನ್ನ ಅಕಿ ಊರಿನ ಆಂಫೋ ಆಫೀಸಿನ್ಯಾಗ ಕೊಡ್ತಾರ, ಆಂಫೋ ಅಂದ್ರ ನಮ್ಮ ತಾಲೂಕು ಕಚೇರಿ ಇದ್ದಂಗ. ಅದು ಥಾಯ್ ಭಾಷ್ಯಾಗ ಇರ್ತೈತಿ, ಇಂಗ್ಲಿಷಿಗೆ ಟ್ರಾನ್ಸ್‌ಲೇಶನ್ ಮಾಡ್ಸಿ ಬ್ಯಾಂಕಾಕಿನ ಚೇಂಗ್ ವತ್ತನಾದಾಗ ಇರೋ ಅವರ ವಿದೇಶಾಂಗ ಇಲಾಖೆ ಆಫೀಸಿನ್ಯಾಗ ಮುದ್ರಿ ಒತ್ತಿಸಿ, ಆಮ್ಯಾಲೆ ನಮ್ಮ ಎಂಬಸಿಯಾಗ ಅಟೆಸ್ಟ್ ಮಾಡ್ಸಿಕೊಂಡು ಬರ್ಬೇಕು. ಅಲ್ಲೇ ರಿಜಿಸ್ಟರ್ ಆಗೋದಾದ್ರ ಕೆಲಸ ಉಲ್ಟಾ, ನೀವು ಬ್ಯಾಂಕಾಕಿನ ನಮ್ಮ ಎಂಬಸಿಯಿಂದ ಕಾಗದ ತಗೊಂಡು ಥಾಯ್ ಭಾಷೆಗೆ ಟ್ರಾನ್ಸ್‌ಲೇಶನ್ ಮಾಡ್ಸಿ ಮುದ್ರಿ ಹಾಕ್ಸಿ ಆಂಫೋಕ್ಕ ಹೋದ್ರ ಅವತ್ತೇ ರಿಜಿಸ್ಟರ್ ಆಗಿ ಕೈಗೆ ಖೊ ರೊ 3 ಅನ್ನೋ ಸರ್ಟಿಫಿಕೇಟ್ ಬರ್ತೈತಿ. ನಾವು ಮಾಡಿದ್ದು ಇದ. ಗುಡ್ಯಾಗ ತಾಳಿ ಕಟ್ಟಿದ ಫೋಟೋ ಎಷ್ಟೇ ಚಂದ ಇರ್ಲಿ, ವೀಸಾದವರಿಗೆ ಅದು ಲೆಕ್ಕಕ್ಕಿಲ್ಲ.

ಹೆಸರಿನ ವಿಷ್ಯ ಸ್ವಲ್ಪ ನಿಧಾನಕ್ಕ ಓದ್ರಿ. ನಮ್ಮ ಕಡಿ ಮಂದಿ ಪಾಸ್‌ಪೋರ್ಟಿನ್ಯಾಗ ಸರ್‌ನೇಮ್ ಜಾಗ ಖಾಲಿ ಇರ್ತೈತಿ, ಇಲ್ಲಂದ್ರ ಅಪ್ಪನ ಹೆಸರೋ ಊರ ಹೆಸರೋ ಇರ್ತೈತಿ. ನನ್ನದು ಖಾಲಿ ಇತ್ತು. ಆಂಫೋದಾಗ ಕೌಂಟರಿನ ಮೇಡಮ್ಮು ನನ್ನ ಪಾಸ್‌ಪೋರ್ಟ್ ಹಿಂದ ಮುಂದ ತಿರುವಿ ನೋಡಿ, ಸರ್‌ನೇಮ್ ಎಲ್ಲೈತಿ ಅಂತ ಬೆರಳಿಟ್ಟು ಕೇಳಿದ್ರು, ನಾವಿಬ್ರೂ ಮುಖ ಮುಖ ನೋಡಿಕೋತ ನಿಂತ್ವಿ, ಟ್ರಾನ್ಸ್‌ಲೇಶನ್ ಮತ್ತೊಂದ್ಸಲ ಮಾಡ್ಸಿಕೊಂಡು ಬರೋದ್ರಾಗ ಎರಡು ದಿನ ಹೋತು. ಅದಕ್ಕ ಹೊರಡೋಕಿಂತ ಮೊದ್ಲು ಪಾಸ್‌ಪೋರ್ಟ್ ಸರಿ ಮಾಡ್ಸಿಕೋರಿ. ಅಕಿ ಸರ್‌ನೇಮ್ ಬದಲಿ ಮಾಡ್ಸಲೇಬೇಕು ಅಂತ ಅಲ್ಲಿ ಕಾಯ್ದೆ ಇಲ್ಲ, 2005ರಿಂದ ಹೆಣ್ಣುಮಕ್ಕಳು ತಮ್ಮದ ಇಟ್ಕೋಬಹುದು. 2008ರಿಂದ ಹೆಸರಿನ ಮುಂದ ನಾಂಗ್ ಸಾವ್ ಅಂದ್ರ ಕುಮಾರಿ, ನಾಂಗ್ ಅಂದ್ರ ಶ್ರೀಮತಿ, ಯಾವ್ದು ಬೇಕೋ ಅದು ಅಂತಲೂ ಐತಿ. ನನ್ನ ಅಭಿಪ್ರಾಯ ಕೇಳಿದ್ರ ಅಕಿ ಹೆಸರು ಅಕಿದ ಇರ್ಲಿ ಬಿಡ್ರಿ. ಬದಲಿ ಮಾಡ್ಸಿದ್ರ ಐಡಿ ಕಾರ್ಡು, ಪಾಸ್‌ಪೋರ್ಟು, ಬ್ಯಾಂಕು ಎಲ್ಲಾ ಒಂದೇ ಓಟದಾಗ ಮುಗಿಸಿ ಆಮ್ಯಾಲೆ ವೀಸಾಕ್ಕ ಅರ್ಜಿ ಹಾಕ್ರಿ, ಒಂದರಾಗ ಹಳೇದು ಒಂದರಾಗ ಹೊಸದು ಇದ್ರ ತಿಂಗಳುಗಟ್ಟಲೆ ಅಲೆದಾಡೋದು ಗ್ಯಾರಂಟಿ.

ಇಲ್ಲಿಗೆ ಬರೋಕ ಟೂರಿಸ್ಟ್ ವೀಸಾ ಬ್ಯಾಡ, ಭಾರತೀಯರನ್ನ ಮದುವಿ ಆದೋರಿಗೆ ಎಂಟ್ರಿ ವೀಸಾ ಅಂತ ಕೊಡ್ತಾರ, ಎಕ್ಸ್ ವೀಸಾ ಅಂತಾನೂ ಕರೀತಾರ, ಅದನ್ನ ತಗೊಂಡ ಬರ್ರಿ. 180 ದಿನಕ್ಕಿಂತ ಹೆಚ್ಚು ಇರೋ ವೀಸಾ ಆದ್ರ ಬಂದು 14 ದಿನದೊಳಗ ಎಫ್ಆರ್ಆರ್ಒ, ಅಂದ್ರ ಹೊರದೇಶದವರ ಹೆಸರು ನೋಂದಾಯಿಸೋ ಸರ್ಕಾರಿ ಆಫೀಸು, ಅದರಾಗ ರಿಜಿಸ್ಟ್ರೇಶನ್ ಮಾಡ್ಸಬೇಕು, ಈಗ ಅದು ಆನ್‌ಲೈನ್ ಐತಿ, ಬೆಂಗಳೂರಿಗೆ ಓಡೋದು ಬ್ಯಾಡ. ಅದಕ್ಕೂ ಮೊದ್ಲು ಇನ್ನೊಂದು ಐತಿ, ಮಂದಿ ಮರೆಯೋದೇ ಇದನ್ನ: ಹೊರದೇಶದವರು ಮನಿಗೆ ಬಂದು ಇಳಿದ 24 ತಾಸಿನೊಳಗ ಮನಿ ಮಾಲೀಕರು ಇಂಥವರು ಬಂದಾರ ಅಂತ ಸರ್ಕಾರಕ್ಕ ತಿಳಿಸೋ ಫಾರ್ಮು ಹಾಕ್ಬೇಕು, ಅದಕ್ಕ ಮೊದ್ಲು ಫಾರ್ಮ್ ಸಿ ಅಂತಿದ್ರು. ಲಾಡ್ಜಿನವರು ತಾವಾಗೇ ಹಾಕ್ತಾರ, ಮನ್ಯಾಗ ನಾವ ಹಾಕ್ಬೇಕು. ಬಾಡಿಗಿ ಮನಿ ಆದ್ರ ಓನರ್‌ಗೆ ಮೊದ್ಲೇ ಕುಂಡ್ರಿಸಿಕೊಂಡು ಹೇಳ್ರಿ, ಪೊಲೀಸ್ ಅಂದ ಕೂಡ್ಲೇ ಅವರು ಗಾಬರಿ ಆಗ್ತಾರ, ನಮ್ಮ ಓನರ್ ಅಂತೂ ಮನಿ ಖಾಲಿ ಮಾಡ್ರಿ ಅನ್ನೋ ತನಕ ಹೋಗಿದ್ರು. ಥಾಯ್ಲೆಂಡಿನ್ಯಾಗೂ ಇದ ರೂಲು, ನೀವು ಅತ್ತಿ ಮನ್ಯಾಗ ಇಳ್ಕೊಂಡ್ರ ಮನಿ ಯಜಮಾನ್ರು 24 ತಾಸಿನೊಳಗ ಟಿಎಂ 30 ಅನ್ನೋ ಫಾರ್ಮು ಕೊಡ್ಬೇಕು. ಮಾವಗ ಹಂಗಂತ ಹೇಳಿದ್ರ ಅಳಿಯನ ಹೆಸರು ಯಾಕ ಸ್ಟೇಷನ್ನಿಗೆ ಕೊಡ್ಬೇಕು ಅಂತ ಅವರೂ ಬ್ಯಾಸರ ಮಾಡ್ಕೊಂಡ್ರು.

ಎಂಟ್ರಿ ವೀಸಾ ಮ್ಯಾಲೆ ಅಕಿ ನೌಕರಿ ಮಾಡಂಗಿಲ್ಲ. ಒಸಿಐ ಕಾರ್ಡ್, ಅಂದ್ರ ಹೊರದೇಶದ ಪೌರತ್ವ ಇಟ್ಕೊಂಡ ಇಲ್ಲಿ ಕಾಯಂ ಇರೋಕ ಕೊಡೋ ಕಾರ್ಡು, ಅದು ಬಂದ ಮ್ಯಾಲೆ ಮಾಡಬಹುದು, ಎಫ್ಆರ್ಆರ್ಒ ತಿರುಗಾಟನೂ ತಪ್ತೈತಿ. ಒಸಿಐಗೆ ಮದುವಿ ರಿಜಿಸ್ಟರ್ ಆಗಿ ಎರಡು ವರ್ಷ ಸತತ ಸಂಸಾರ ನಡೆದಿರಬೇಕು, ಗುಡ್ಯಾಗಿನ ಮದುವಿ ತಾರೀಖು ಹಿಡಿಯಂಗಿಲ್ಲ, ಅದಕ್ಕ ರಿಜಿಸ್ಟ್ರೇಶನ್ ಮುಂದ ಹಾಕಬ್ಯಾಡ್ರಿ. ಒಸಿಐ ಇದ್ರೂ ಓಟು ಇಲ್ಲ, ಹೊಲ ಗದ್ದಿ ಖರೀದಿ ಇಲ್ಲ. ಗಂಗಾವತಿ, ಕಾರಟಗಿ ಕಡಿಯೋರು ಇದನ್ನ ಮೊದ್ಲೇ ತಿಳ್ಕೋಬೇಕು, ಯಾಕಂದ್ರ ನಮ್ಮಲ್ಲಿ ಆಸ್ತಿ ಅಂದ್ರ ಗದ್ದಿನ. ಆ ಕಡಿನೂ ಹಂಗ, ನಿಮ್ಮ ಹೆಸರಿಗೆ ಅಲ್ಲಿ ಭೂಮಿ ಬರಂಗಿಲ್ಲ, ಅಕಿ ಹೆಸರಿಗೆ ತಗೊಂಡ್ರೂ ಆ ರೊಕ್ಕ ಅಕಿ ಸ್ವಂತದ್ದು, ನಂದಲ್ಲ ಅಂತ ಲ್ಯಾಂಡ್ ಆಫೀಸಿನ್ಯಾಗ ನೀವು ಸಹಿ ಮಾಡ್ಬೇಕು. ನಾನು ಮಾಡೀನಿ, ಖುಷಿಯಿಂದ ಮಾಡೀನಿ. ನೀವ ಅಲ್ಲಿ ಹೋಗಿ ಇರೋದಾದ್ರ ಹೆಂಡ್ತಿ ಥಾಯ್ ಅನ್ನೋ ಆಧಾರದ ಮ್ಯಾಲೆ ಒಂದು ವರ್ಷದ ವೀಸಾ ಎಕ್ಸ್‌ಟೆನ್ಷನ್‌ಗೆ ಥಾಯ್ ಬ್ಯಾಂಕಿನ್ಯಾಗ ನಿಮ್ಮ ಹೆಸರಿಗೆ 4,00,000 ಬಾತ್ ಎರಡು ತಿಂಗಳು ಇಟ್ಟಿರಬೇಕು, ಇಲ್ಲಾ ತಿಂಗಳಿಗೆ 40,000 ಬಾತ್ ಆದಾಯ ತೋರಿಸ್ಬೇಕು, ಆಮ್ಯಾಲೆ 90 ದಿನಕ್ಕೊಮ್ಮೆ ಎಲ್ಲಿದ್ದೀನಿ ಅಂತ ಇಮಿಗ್ರೇಶನ್‌ಗೆ ರಿಪೋರ್ಟು, ನಡುವ ಊರಿಗೆ ಬರೋದಾದ್ರ ರೀ ಎಂಟ್ರಿ ಪರ್ಮಿಟ್ ಮೊದ್ಲು ತಗೋರಿ, ಇಲ್ಲಂದ್ರ ವೀಸಾ ಅಲ್ಲಿಗೇ ಸತ್ತಂಗ.

ಈಗ ಅಕಿ ಊರಿನ ಕಾಗದ. ಥಬಿಯನ್ ಬಾನ್ ಅಂತ ಒಂದು ನೀಲಿ ಪುಸ್ತಕ ಇರ್ತೈತಿ, ಮನ್ಯಾಗ ಯಾರ‍್ಯಾರು ಅದಾರ ಅಂತ ಬರ್ದಿರ್ತಾರ, ನೋಡಾಕ ನಮ್ಮ ರೇಷನ್ ಕಾರ್ಡಿನಂಗ ಅನ್ನಿಸ್ತೈತಿ, ಆದ್ರ ಅಲ್ಲಿ ಐಡಿ, ಓಟು, ಪಾಸ್‌ಪೋರ್ಟು ಎಲ್ಲದಕ್ಕೂ ಅದ ಬೇರು. ಅಕಿ ಹೆಸರು ಅವರಪ್ಪನ ಮನಿ ಪುಸ್ತಕದಾಗ ಹಂಗ ಇರ್ಬೇಕು, ಯಾರಾದ್ರೂ ತೆಗಿಸ್ರಿ ಅಂದ್ರ ಒಪ್ಪಬ್ಯಾಡ್ರಿ. ಐಡಿ ಕಾರ್ಡು 8 ವರ್ಷ ನಡೀತೈತಿ, ಮುಗಿಯೋ ತಾರೀಖು ಕ್ಯಾಲೆಂಡರಿನ್ಯಾಗ ಬರ್ದಿಡ್ರಿ, ಊರಿಗೆ ಹೋದಾಗ ಮಾಡ್ಸಿಕೊಂಡು ಬರ್ರಿ. ಪಾಸ್‌ಪೋರ್ಟ್ 10 ವರ್ಷದ್ದು ಸಿಗ್ತೈತಿ, ಅದನ್ನ ಮಾಡ್ಸಿರಿ. ನಮ್ಮ ರಾಜ್ಯಕ್ಕ ಚೆನ್ನೈಯಾಗ ಇರೋ ಥಾಯ್ ಕಾನ್ಸುಲೇಟ್ ಬರ್ತೈತಿ.

ಸಿಮ್ ಕಾರ್ಡ್ ಕಥಿ ಹೇಳ್ತೀನಿ. ಇಲ್ಲಿಗೆ ಬಂದ ಮೊದಲ ವರ್ಷ ಅಕಿ ಥಾಯ್ ನಂಬರ್ ಬೀರುವಿನ್ಯಾಗ ಹಳೇ ಫೋನಿನ್ಯಾಗ ಬಿದ್ದಿತ್ತು, ರೀಚಾರ್ಜ್ ಮಾಡೋಕ ನಾನೂ ನೆನಪಿಡ್ಲಿಲ್ಲ ಅಕಿನೂ ಹೇಳ್ಲಿಲ್ಲ, ನಂಬರ್ ಕಟ್ ಆಗಿ ಹೋತು. ಮಳಿಗಾಲದಾಗ ಅವರಮ್ಮನ್ನ ದವಾಖಾನಿಗೆ ಹಾಕಿದ್ರು ಅಂತ ಸುದ್ದಿ ಬಂತು, ಅಕಿ ಅಕೌಂಟಿನ್ಯಾಗ ರೊಕ್ಕ ಇತ್ತು, ಬ್ಯಾಂಕಿನ ಆ್ಯಪ್ ತೆಗೆದ್ರ ಒಟಿಪಿ ಸತ್ತ ನಂಬರಿಗೆ ಹೊಂಟೈತಿ. ಬ್ಯಾಂಕಿಗೆ ಫೋನ್ ಮಾಡಿದ್ರ ಖುದ್ದ ಬ್ರ್ಯಾಂಚಿಗೆ ಬರ್ರಿ ಅಂದ್ರು. ರಾತ್ರಿ ಹನ್ನೊಂದಾಗಿತ್ತು, ಅಲ್ಲಿ ಹನ್ನೆರಡೂವರಿ, ಅಕಿ ಅಡಗಿಮನಿ ಕಟ್ಟಿಗೆ ಬೆನ್ನು ಹಚ್ಚಿ ಫೋನ್ ಹಿಡ್ಕೊಂಡು ಕುಂತಿದ್ದು, ಸ್ಕ್ರೀನಿನ್ಯಾಗ ತನ್ನ ರೊಕ್ಕ ತನಗ ಕಾಣ್ತೈತಿ, ಕಳಿಸೋಕ ಆಗವಲ್ದು. ಅವತ್ತು ಅಕಿ ಅಳ್ಲಿಲ್ಲ, ಮಾತೂ ಆಡ್ಲಿಲ್ಲ. ಅವರಮ್ಮ ಆರಾಮಾದ್ರು, ಆದ್ರ ಆ ರಾತ್ರಿ ನನಗ ಇವತ್ತಿಗೂ ಚುಚ್ಚತೈತಿ. ಈಗ ತಿಂಗಳ ಮೊದಲ ತಾರೀಖಿಗೆ ನಾನ ಥಾಯ್ ಸಿಮ್ ರೀಚಾರ್ಜ್ ಮಾಡ್ತೀನಿ, ರೋಮಿಂಗ್ ಆನ್ ಐತೋ ಇಲ್ಲೋ ನೋಡ್ತೀನಿ. ನೀವೂ ಊರು ಬಿಡೋ ಮೊದ್ಲೇ ಅಲ್ಲೇ ರೋಮಿಂಗ್ ಆನ್ ಮಾಡ್ಸಿ, ಮೆಸೇಜ್ ಇಲ್ಲಿ ಬರ್ತೈತೋ ಚೆಕ್ ಮಾಡ್ರಿ. ಇಲ್ಲಿಂದ ರೊಕ್ಕ ಕಳಿಸೋಕ ಪ್ಯಾನ್ ಕಾರ್ಡು, ಬ್ಯಾಂಕಿನ್ಯಾಗ ಎ2 ಫಾರ್ಮು ಬೇಕು, ಒಂದೊಂದ್ಸಲಕ್ಕೂ ಚಾರ್ಜ್ ಬೀಳ್ತೈತಿ, ಅದಕ್ಕ ತಿಂಗಳಾ ತಿಂಗಳಾ ಸಣ್ಣದು ಕಳ್ಸೋಕಿಂತ ಮೂರು ತಿಂಗಳಿಗೊಮ್ಮೆ ಕಳ್ಸೋದು ಚಲೋ.

ಅವರ ಕಡಿ ಮದುವ್ಯಾಗ ಸಿನ್ ಸೊಟ್ ಅಂತ ಗಂಡಿನವರು ಹೆಣ್ಣಿನ ತಂದಿತಾಯಿಗೆ ಕೊಡ್ತಾರ. ಇದನ್ನ ಮನ್ಯಾಗ ಹೇಳೋಕ ನಾನು ಒಂದು ತಿಂಗಳು ತಡ ಮಾಡಿದ್ದೆ. ಅವ್ವ ಕೇಳಿ ಸುಮ್ಮನಾದ್ಲು, ನಮ್ಮಜ್ಜಿ ಮಾತ್ರ ಅಯ್ಯ ಅದು ತೆರ ಅಲ್ಲೇನು, ನಿಮ್ಮಜ್ಜನೂ ನನಗ ತೆರ ಕೊಟ್ಟ ತಂದಿದ್ದ ಅಂದ್ಲು, ಅಲ್ಲಿಗೆ ಮಾತು ಮುಗೀತು. ನಿಮ್ಮ ಮನ್ಯಾಗ ಹಿರಿಯರಿದ್ರ ಅವರ ಕಡಿಯಿಂದ ಮಾತು ತೆಗೀರಿ, ವರದಕ್ಷಿಣಿ ಬಂದ ಮ್ಯಾಲೆ ಹುಟ್ಟಿದೋರಿಗೆ ಇದು ತಿಳಿಯಂಗಿಲ್ಲ. ಎಷ್ಟೋ ಮನ್ಯಾಗ ಆ ರೊಕ್ಕ ತಿರುಗಿ ಗಂಡ ಹೆಂಡ್ತಿಗೇ ಕೊಡ್ತಾರ, ಆದ್ರ ಕೊಡಲೇಬೇಕು ಅಂತ ಆಸಿ ಇಟ್ಕೋಬ್ಯಾಡ್ರಿ.

ಅಡಗಿ ವಿಷ್ಯಕ್ಕ ನಮ್ಮನ್ಯಾಗ ಒಂದು ವರ್ಷ ತಿಕ್ಕಾಟ ನಡೀತು. ನಮ್ಮದು ಮೀನು ಮಾಂಸ ಮುಟ್ಟದ ಮನಿ, ಅಕಿಗೆ ನಾಮ್ ಪ್ಲಾ ಅಂದ್ರ ಮೀನಿನ ರಸ ಇಲ್ದ ಊಟ ಸಪ್ಪಗ. ಹಿತ್ತಲದಾಗ ಬೇವಿನ ಗಿಡದ ಕೆಳಗ ಅಕಿಗೆ ಬ್ಯಾರೆ ಗ್ಯಾಸ್ ಒಲಿ, ಬ್ಯಾರೆ ಪಾತ್ರಿ ಮಾಡಿ ಕೊಟ್ಟೆ, ಇಬ್ಬರಿಗೂ ಸಮಾಧಾನ. ಇದನ್ನ ಮೊದಲ ವಾರದಾಗ ಮಾಡ್ರಿ, ಜಗಳ ಆದ ಮ್ಯಾಲೆ ಮಾಡಿದ್ರ ಹೊರಗ ಹಾಕಿದಂಗ ಆಗ್ತೈತಿ. ಮಜ್ಜಿಗಿ ಹುಲ್ಲು ಕುಂಡ್ಯಾಗ ಬೆಳೀತೈತಿ, ಪಪ್ಪಾಯಿ ಗಿಡ ಹಿತ್ತಲದಾಗ ಇದ್ದ ಇರ್ತೈತಿ. ಕಾಯಿ ಪಪ್ಪಾಯಿ ಹೆರೆದು ಶೇಂಗಾ, ನಿಂಬಿಹಣ್ಣು, ಬೆಲ್ಲ, ಹಸಿಮೆಣಸಿನಕಾಯಿ ಹಾಕಿ ಕುಟ್ಟೋ ಸೋಮ್ ತಮ್ ಮೀನಿನ ರಸ ಬಿಟ್ಟು ಉಪ್ಪು ಹುಣಸಿಹಣ್ಣಿನ್ಯಾಗ ಮಾಡಿದ್ರೂ ರುಚಿ ಬರ್ತೈತಿ, ಈಗ ಅವ್ವನೂ ರೊಟ್ಟಿ ಜೋಡಿ ಹಚ್ಕೊಂಡು ತಿಂತಾಳ. ಒಂದು ಸೂಕ್ಷ್ಮ ಐತಿ, ನಮ್ಮ ಕಲ್ಲಿನ ಒಳ್ಳಿನ್ಯಾಗ ಕುಟ್ಟಿದ್ರ ಪಪ್ಪಾಯಿ ಜಜ್ಜಿ ನೀರಾಗ್ತೈತಿ, ಅವರು ಮಣ್ಣಿನ ಒಳ್ಳಿನ್ಯಾಗ ಕಟಿಗಿ ಒನಕ್ಯಾಗ ಹಗೂರಕ ಕುಟ್ತಾರ, ಚಮಚದಿಂದ ಮಗುಚಿಕೋತ. ಕಂಬಳ್ಯಾಗ ಸುತ್ತಿ ವಿಮಾನದಾಗ ಒಂದು ತಂದೀವಿ, ನೀವೂ ತರ್ರಿ. ಅಂಟಕ್ಕಿ ಮಾತ್ರ ನಮ್ಮ ಸೋನಾ ಮಸೂರಿಯಾಗ ಆಗೋದಲ್ಲ, ಬ್ಯಾರೆನ ಜಾತಿ ಅದು, ತಾಸುಗಟ್ಟಲೆ ನೆನಸಿ ಬಿದಿರು ಬುಟ್ಟ್ಯಾಗ ಆವಿಗೆ ಬೇಯಿಸ್ತಾರ.

ಭಾಷೆಗೆ ಹೆದರಬ್ಯಾಡ್ರಿ. ಭಾಷೆಗೆ ಅವರು ಫಾಸಾ ಅಂತಾರ, ಆಹಾರಕ್ಕ ಆಹಾನ್, ವೇಳೆಗೆ ವೇಲಾ, ಗುರುವಿಗೆ ಖ್ರೂ. ಅವ್ವ ಇಷ್ಟರಿಂದ ಶುರು ಮಾಡಿದ್ಲು. ನೀವು ಕಲಿಯೋವಾಗ ಧ್ವನಿ ಮ್ಯಾಲೆ ಲಕ್ಷ್ಯ ಇರ್ಲಿ, ಐದು ಧ್ವನಿ ಅದಾವು, ಮಾ ಅನ್ನೋದನ್ನ ಒಂದೊಂದು ರೀತಿ ಅಂದ್ರ ಬಾ, ನಾಯಿ, ಕುದ್ರಿ ಅಂತ ಅರ್ಥ ಬದಲಿ ಆಗ್ತೈತಿ. ತಲಿ ಅವರಿಗೆ ಬಾಳ ಪವಿತ್ರ, ಪ್ರೀತಿಗೂ ದೊಡ್ಡವರ ತಲಿ ಮ್ಯಾಲೆ ಕೈ ಆಡಿಸಬ್ಯಾಡ್ರಿ. ಅಕಿನ್ನ ಅಂಜನಾದ್ರಿಗೆ ಕರ್ಕೊಂಡು ಹೋಗ್ರಿ, ಹನುಮಾನ್ ಅವರ ರಾಮಾಯಣ ರಾಮಕಿಯನ್‌ನಾಗೂ ಅದಾನ, ಕಿಷ್ಕಿಂಧೆಗೆ ಅವರು ಖೀತ್‌ಖಿನ್ ಅಂತಾರ. ಇದ ಆ ಊರು ಅಂದಾಗ ನಮ್ಮಾಕಿ ಮೆಟ್ಟಲ ಮ್ಯಾಲೆ ನಿಂತ ಅವರಪ್ಪಗ ವಿಡಿಯೋ ಕಾಲ್ ಹಚ್ಚಿದ್ಲು. ಹಂಪ್ಯಾಗ ವಿಠ್ಠಲ ಗುಡಿಗೆ ಹೋದ್ರ ಅಕಿ ಪಾಸ್‌ಪೋರ್ಟ್ ಒಯ್ಯಿರಿ, ಥಾಯ್ಲೆಂಡ್ ಬಿಮ್‌ಸ್ಟೆಕ್ ದೇಶ, ಅಂದ್ರ ನಮ್ಮ ದೇಶನೂ ಇರೋ ಬಂಗಾಳಕೊಲ್ಲಿ ಸುತ್ತಿನ ದೇಶಗಳ ಕೂಟದ್ದು, ಅವರಿಗೂ ನಮ್ಮ ರೇಟಿನ ಟಿಕೆಟ್ಟ ಐತಿ, ಗೊತ್ತಿಲ್ದ ಫಾರಿನ್ ಟಿಕೆಟ್ ತಗೊಂಡ್ರ ಸುಮ್ನ ರೊಕ್ಕ ದಂಡ.

ಮಕ್ಕಳಾದ್ರ ಇಲ್ಲಿನ ಜನನ ಪ್ರಮಾಣಪತ್ರ ಮೊದ್ಲು. ತಾಯಿ ಕಡಿಯಿಂದ ಮಗುವಿಗೆ ಥಾಯ್ ಪೌರತ್ವದ ಹಕ್ಕು ಐತಿ, ಆದ್ರ ನಮ್ಮ ದೇಶ ಎರಡು ಪೌರತ್ವ ಒಪ್ಪಂಗಿಲ್ಲ, ಅದಕ್ಕ ಎರಡನೇ ಪಾಸ್‌ಪೋರ್ಟಿಗೆ ಕೈ ಹಾಕೋಕಿಂತ ಮೊದ್ಲು ವಕೀಲರನ್ನ ಕೇಳ್ರಿ. ಗಂಡು ಮಗುವಿನ ಹೆಸರು ಆ ನೀಲಿ ಪುಸ್ತಕಕ್ಕ ಏರಿಸಿದ್ರ ಮುಂದ ಅಲ್ಲಿನ ಕಡ್ಡಾಯ ಮಿಲಿಟರಿ ಸೇವೆಗೆ ಚೀಟಿ ಎತ್ತೋ ಲೆಕ್ಕಕ್ಕೂ ಬರ್ತಾನ, ಕೆಂಪು ಚೀಟಿ ಬಂದ್ರ ಸೇರಬೇಕು, ಕರಿ ಚೀಟಿ ಬಂದ್ರ ಬಿಡುಗಡಿ.

ಗೌರಿ ಹುಣ್ಣಿವಿ ಸುಮಾರಿಗೆ ಅವರದು ಲೋಯ್ ಕ್ರಾಥೋಂಗ್ ಬರ್ತೈತಿ, ಬಾಳಿ ದಿಂಡಿನ ಬಿಲ್ಲಿ ಕೊಯ್ದು ಬಾಳಿ ಎಲಿ ಮಡಚಿ ಸುತ್ತ ಚುಚ್ಚಿ, ಹೂವು, ಊದಿನಕಡ್ಡಿ, ಮೇಣದಬತ್ತಿ ಇಟ್ಟು ಹೊಳ್ಯಾಗ ಬಿಡ್ತಾರ. ಆ ದಿನ ಸಂಜಿ ರಜಾ ಹಾಕ್ರಿ. ಥರ್ಮಾಕೋಲ್ ಬ್ಯಾಡ, ದಿಂಡು ತೋಟದಾಗ ಸಿಗ್ತೈತಿ. ನಾವು ಆನೆಗೊಂದಿ ಹತ್ರ ತುಂಗಭದ್ರಾ ದಂಡಿಗೆ ಹೋಗ್ತೀವಿ, ಅವ್ವ ಸಕ್ಕರಿ ಆರತಿ ಮುಗಿಸಿ ಒಂದು ಸಕ್ಕರಿ ಗೊಂಬಿ ಚೀಲದಾಗ ಹಾಕ್ಕೊಂಡ ಬರ್ತಾಳ. ಐದೂವರಿಗೇ ಹೊಳಿ ಮುಟ್ರಿ, ಅಲ್ಲಿ ಆಗ ಏಳು ಗಂಟಿ, ಅವರಮ್ಮನೂ ಅದ ಹೊತ್ತಿಗೆ ದೀಪ ಹಿಡ್ಕೊಂಡು ಫೋನಿನ್ಯಾಗ ಕಾಯ್ತಿರ್ತಾರ.