ಕಾರ್ಡ್ ಇದ್ದರೆ ಸಾಲದು, ಪಟ್ಟಿಯಲ್ಲಿ ಹೆಸರಿರಬೇಕು: ನೋಡುವುದು, ಉಳಿಸಿಕೊಳ್ಳುವುದು ಹೇಗೆ?

2023ರ ಮೇ 10, ವಿಧಾನಸಭೆ ಚುನಾವಣೆಯ ದಿನ. ನಮ್ಮ ಬೀದಿಯ ಶಾಲೆಯ ಗೇಟಿನಿಂದ ಸ್ವಲ್ಪ ದೂರದಲ್ಲಿ ಮೇಜು ಹಾಕಿಕೊಂಡು ಕೂತಿದ್ದೆ. ಬಂದವರ ಹೆಸರು ಯಾವ ಕೊಠಡಿಯಲ್ಲಿದೆ ಅಂತ ಹುಡುಕಿಕೊಡುವ ಕೆಲಸ. ಮಧ್ಯಾಹ್ನದೊಳಗೆ ಹತ್ತು ಹನ್ನೊಂದು ಜನ ಓಟು ಹಾಕದೆ ವಾಪಸ್ ಹೋದರು. ಎಲ್ಲರ ಕೈಯಲ್ಲೂ ವೋಟರ್ ಐಡಿ ಇತ್ತು. ಪಟ್ಟಿಯಲ್ಲಿ ಹೆಸರಿರಲಿಲ್ಲ. ಒಬ್ಬರು ಅಜ್ಜಿ, "ಇದೇ ಕಾರ್ಡಲ್ಲಿ ನಾಕು ಸಲ ಓಟು ಹಾಕಿದೀನಿ ಕಣಮ್ಮ" ಅಂತ ಕಾರ್ಡನ್ನು ತಿರುಗಿಸಿ ತಿರುಗಿಸಿ ತೋರಿಸುತ್ತಿದ್ದರು. ಅವರಿಗೆ ಏನು ಹೇಳಬೇಕೋ ನನಗೆ ತೋಚಲಿಲ್ಲ. ಆ ಹೊತ್ತಿಗೆ ಯಾರೂ ಏನೂ ಮಾಡಲಾಗದು. ಮಾಡಬೇಕಾದ್ದನ್ನು ಮೂರು ತಿಂಗಳ ಮೊದಲೇ ಮಾಡಬೇಕಿತ್ತು.

ಮೊದಲು ಈ ಒಂದು ಮಾತು ಗಟ್ಟಿ ಮಾಡಿಕೊಳ್ಳಿ. ಪಟ್ಟಿಯಲ್ಲಿ ಹೆಸರಿದ್ದು ಕಾರ್ಡ್ ಕಳೆದುಹೋಗಿದ್ದರೆ ಚಿಂತೆಯಿಲ್ಲ. ಆಧಾರ್, ಪಾಸ್‌ಪೋರ್ಟ್, ಡ್ರೈವಿಂಗ್ ಲೈಸೆನ್ಸ್, ಫೋಟೊ ಇರುವ ಬ್ಯಾಂಕ್ ಪಾಸ್‌ಬುಕ್, ನರೇಗಾ ಜಾಬ್ ಕಾರ್ಡ್, ಇವುಗಳಲ್ಲಿ ಒಂದನ್ನು ತೋರಿಸಿ ಓಟು ಹಾಕಬಹುದು. ಕಾರ್ಡ್ ಇದ್ದು ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಓಟಿಲ್ಲ.

ಹೆಸರು ಹುಡುಕುವುದು

ಚುನಾವಣಾ ಆಯೋಗದ ಮತದಾರರ ಸೇವಾ ಪೋರ್ಟಲ್ ತೆರೆಯಿರಿ. ಮೂರು ಬಗೆಯಲ್ಲಿ ಹುಡುಕಬಹುದು: ಎಪಿಕ್ ನಂಬರ್ (ವೋಟರ್ ಐಡಿ ಮೇಲಿರುವ ನಂಬರ್), ಮೊಬೈಲ್ ನಂಬರ್, ಇಲ್ಲವೇ ಹೆಸರು ವಯಸ್ಸಿನ ವಿವರ. ಎಪಿಕ್ ನಂಬರ್‌ನಿಂದಲೇ ಹುಡುಕಿ. ಹೆಸರಿನಿಂದ ಹುಡುಕಿದರೆ ಲಕ್ಷ್ಮಿ, ಲಕ್ಷ್ಮೀ, ಲಕ್ಷ್ಮಮ್ಮ ಅಂತ ಕಾಗುಣಿತದ ಗೊಂದಲದಲ್ಲೇ ಅರ್ಧ ಗಂಟೆ ಹೋಗುತ್ತದೆ. ನಿಮ್ಮದು ತುಂಬಾ ಹಳೆಯ ಕಾರ್ಡ್ ಆಗಿದ್ದು, ನಡುನಡುವೆ ಓರೆಗೆರೆ ಇರುವ ಉದ್ದ ನಂಬರ್ ಇದ್ದರೆ, ಅದು ಈಗ ಬದಲಾಗಿರುತ್ತದೆ. ಈಗಿನದು ಮೂರು ಇಂಗ್ಲಿಷ್ ಅಕ್ಷರ, ಏಳು ಅಂಕಿ, ಅಷ್ಟೇ. ಇಂಟರ್ನೆಟ್ ಬೇಡ ಅನ್ನುವವರು 1950ಕ್ಕೆ ಫೋನ್ ಮಾಡಿ.

ಹೆಸರು ಸಿಕ್ಕರೆ ಭಾಗ ಸಂಖ್ಯೆ, ಕ್ರಮ ಸಂಖ್ಯೆ ಎರಡನ್ನೂ ಬರೆದಿಟ್ಟುಕೊಳ್ಳಿ. ಮನೆಯಲ್ಲಿರುವ ಎಲ್ಲರದ್ದೂ ನೋಡಿ. ಗಂಡನ ಹೆಸರಿದ್ದು ಹೆಂಡತಿಯದು ಹೋಗಿರುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ.

ಇದಕ್ಕೆ ಯಾವ ಖಾಸಗಿ ಆ್ಯಪ್ ಕೂಡ ಬೇಡ. ವಾಟ್ಸ್ಆ್ಯಪ್‌ನಲ್ಲಿ ಬರುವ "ನಿಮ್ಮ ಹೆಸರು ಇಲ್ಲಿ ಚೆಕ್ ಮಾಡಿ" ಎಂಬ ಲಿಂಕ್ ಒತ್ತಲೇಬೇಡಿ. ಪ್ಲಾಸ್ಟಿಕ್ ಕಾರ್ಡ್ ಪ್ರಿಂಟ್ ಮಾಡಿಕೊಡುತ್ತೇವೆ ಅಂತ ದುಡ್ಡು ಕೇಳುವ ಅಂಗಡಿಗಳಿವೆ. ಪಟ್ಟಿಯಿಂದ ಹೆಸರು ಹೋಗಿದ್ದರೆ ಆ ಕಾರ್ಡ್ ಪ್ರಯೋಜನಕ್ಕೆ ಬರುವುದಿಲ್ಲ. ಕಾರ್ಡ್ ಬೇಕೇ ಬೇಕು ಅನ್ನುವವರಿಗೆ ಇ-ಎಪಿಕ್ ಪಿಡಿಎಫ್ ಪೋರ್ಟಲ್‌ನಲ್ಲೇ ಬಿಟ್ಟಿ ಸಿಗುತ್ತದೆ.

ಪಟ್ಟಿಯನ್ನೇ ಇಳಿಸಿಕೊಂಡು ಓದುವುದು

ಹೆಚ್ಚಿನವರು ಈ ಕೆಲಸ ಬಿಟ್ಟುಬಿಡುತ್ತಾರೆ. ಬಿಡಬೇಡಿ. ಮುಖ್ಯ ಚುನಾವಣಾಧಿಕಾರಿಯ ವೆಬ್‌ಸೈಟಿನಲ್ಲಿ ನಿಮ್ಮ ಮತಗಟ್ಟೆಯ ಪಟ್ಟಿ ಪಿಡಿಎಫ್ ರೂಪದಲ್ಲಿ ಇರುತ್ತದೆ. ಅದು ಚಿತ್ರದ ರೂಪದಲ್ಲಿರುವುದರಿಂದ ಕಂಪ್ಯೂಟರಿನಲ್ಲಿ ಹೆಸರು ಟೈಪ್ ಮಾಡಿ ಹುಡುಕಿದರೆ ಏನೂ ಸಿಗುವುದಿಲ್ಲ. "ಇಲ್ಲ" ಅಂತ ಗಾಬರಿಯಾಗಬೇಡಿ. ಕಣ್ಣಿಂದಲೇ ಓದಬೇಕು. ನಿಮ್ಮ ರಸ್ತೆಯ ಎರಡು ಮೂರು ಪುಟ ಓದಿದರೆ ಸಾಕು.

ಓದುವಾಗ ಮೊದಲ ಪುಟಗಳಲ್ಲಿ ಹೆಸರು ಕಂಡ ಕೂಡಲೇ ನಿಲ್ಲಿಸಬೇಡಿ. ಕೊನೆಯಲ್ಲಿ ಪೂರಕ ಪಟ್ಟಿ ಇರುತ್ತದೆ. ಸೇರ್ಪಡೆ, ತಿದ್ದುಪಡಿ, ತೆಗೆದುಹಾಕಿದ್ದು ಎಲ್ಲ ಅಲ್ಲಿದೆ. ತೆಗೆದುಹಾಕಿದ ಹೆಸರಿನ ಜೊತೆ ಒಂದು ಇಂಗ್ಲಿಷ್ ಅಕ್ಷರ ಕಾಣುತ್ತದೆ. 'ಇ' ಅಂದರೆ ತೀರಿಕೊಂಡವರು. 'ಎಸ್' ಅಂದರೆ ಮನೆ ಬಿಟ್ಟು ಹೋದವರು. 'ಆರ್' ಅಂದರೆ ಎರಡು ಕಡೆ ಹೆಸರಿದ್ದವರು. 'ಎಂ' ಅಂದರೆ ಸಿಗದವರು. 'ಕ್ಯೂ' ಅಂದರೆ ಅರ್ಹತೆ ಕಳೆದುಕೊಂಡವರು. ನಮ್ಮ ಬೀದಿಯ ಅಜ್ಜಿಯ ಹೆಸರಿನ ಮುಂದೆ 'ಎಸ್' ಇತ್ತು. ಪರಿಶೀಲನೆಗೆ ಬಂದ ದಿನ ಅವರು ಮಗಳ ಮನೆಯಲ್ಲಿದ್ದರು, ಬಾಗಿಲಿಗೆ ಬೀಗ ಇತ್ತು. ಅಷ್ಟಕ್ಕೇ ಹೆಸರು ಹೋಯಿತು.

ಪಟ್ಟಿಯಿಂದ ತೆಗೆದವರ ಹೆಸರು, ತೆಗೆದ ಕಾರಣ ಎರಡೂ ಜನರ ಕಣ್ಣಿಗೆ ಬೀಳುವುದು ಎಷ್ಟು ಮುಖ್ಯ ಅನ್ನುವುದನ್ನು ಬಿಹಾರ ತೋರಿಸಿದೆ. 2025ರಲ್ಲಿ ಅಲ್ಲಿ ವಿಶೇಷ ಪರಿಷ್ಕರಣೆ ನಡೆದು ಕರಡು ಪಟ್ಟಿಯಿಂದ ಸುಮಾರು 65 ಲಕ್ಷ ಹೆಸರು ಹೊರಗುಳಿದಾಗ, ಆಗಸ್ಟ್ 14ರಂದು ಸುಪ್ರೀಂ ಕೋರ್ಟ್ ಆ ಹೆಸರುಗಳನ್ನೂ ಕಾರಣಗಳನ್ನೂ ಪ್ರಕಟಿಸಿ ಅಂತ ಆದೇಶಿಸಿತು. ಪ್ರಕಟವಾದದ್ದನ್ನು ನಾವು ಓದಬೇಕು, ಅಲ್ವಾ?

ಯಾವ ಫಾರಂ? ಎಡವುವುದೇ ಇಲ್ಲಿ

ಫಾರಂ 6 ಹೊಸದಾಗಿ ಹೆಸರು ಸೇರಿಸುವುದಕ್ಕೆ. ಫಾರಂ 7 ಹೆಸರು ತೆಗೆಸುವುದಕ್ಕೆ. ಫಾರಂ 8 ಮನೆ ಬದಲಿಸಿದ್ದಕ್ಕೆ, ತಪ್ಪು ತಿದ್ದುವುದಕ್ಕೆ, ಕಾರ್ಡ್ ಕಳೆದಿದ್ದಕ್ಕೆ, ಅಂಗವಿಕಲರು ಎಂದು ಗುರುತು ಮಾಡಿಸುವುದಕ್ಕೆ. ವಿದೇಶದಲ್ಲಿರುವ, ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡ ಕನ್ನಡಿಗರಿಗೆ ಫಾರಂ 6ಎ. ಅವರು ಊರಿಗೆ ಬಂದೇ ಓಟು ಹಾಕಬೇಕು.

ಮನೆ ಬದಲಿಸಿದವರು ಮಾಡುವ ದೊಡ್ಡ ತಪ್ಪು ಫಾರಂ 6 ತುಂಬುವುದು. ದಾವಣಗೆರೆಯಿಂದ ಬೆಂಗಳೂರಿಗೆ ಬಂದಿರಿ ಅಂದುಕೊಳ್ಳಿ. ಸೈಬರ್ ಸೆಂಟರಿನ ಹುಡುಗ "ಹೊಸದು ಮಾಡಿಸಿಬಿಡಿ, ಬೇಗ ಆಗುತ್ತೆ" ಅನ್ನುತ್ತಾನೆ. ಕೇಳಬೇಡಿ. ಫಾರಂ 6 ತುಂಬಿದರೆ ನಿಮ್ಮ ಹೆಸರು ಎರಡು ಕಡೆ ಆಗುತ್ತದೆ, ಎರಡು ಎಪಿಕ್ ನಂಬರ್ ಹುಟ್ಟುತ್ತವೆ. ಒಬ್ಬರ ಹೆಸರು ಎರಡು ಕ್ಷೇತ್ರದಲ್ಲಿ ಇರುವಂತಿಲ್ಲ ಅಂತ 1950ರ ಜನಪ್ರಾತಿನಿಧ್ಯ ಕಾಯ್ದೆಯ 17ನೇ ಸೆಕ್ಷನ್ ಹೇಳುತ್ತದೆ. ಫಾರಂ 6ರಲ್ಲಿ "ನನ್ನ ಹೆಸರು ಬೇರೆಲ್ಲೂ ಇಲ್ಲ" ಅಂತ ಸಹಿ ಹಾಕುತ್ತೀರಿ. ಸುಳ್ಳು ಹೇಳಿಕೆಗೆ 31ನೇ ಸೆಕ್ಷನ್ನಿನಲ್ಲಿ ಒಂದು ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಗೊತ್ತಿಲ್ಲದೆ ಮಾಡಿದವರೇ ಜಾಸ್ತಿ, ಆದರೆ ಕಾಗದದ ಮೇಲಿರುವುದು ನಿಮ್ಮ ಸಹಿ. ಮುಂದೆ ಎರಡೆರಡು ಇರುವ ಹೆಸರುಗಳನ್ನು ತೆಗೆಯುವಾಗ ಯಾವುದು ಹೋಗುತ್ತದೆ ಅನ್ನುವುದೂ ನಿಮ್ಮ ಕೈಯಲ್ಲಿರುವುದಿಲ್ಲ.

ಫಾರಂ 8ರಲ್ಲಿ 'ವಾಸಸ್ಥಳ ಬದಲಾವಣೆ' ಆರಿಸಿ. ಅದೇ ಕ್ಷೇತ್ರದೊಳಗೋ ಹೊರಗೋ ಅಂತ ಕೇಳುತ್ತದೆ. ಸರಿಯಾಗಿ ನೋಡಿ ಒತ್ತಿ. ಬೆಂಗಳೂರಿನಲ್ಲಿ ಎರಡು ರಸ್ತೆ ದಾಟಿದರೆ ಕ್ಷೇತ್ರವೇ ಬೇರೆ ಇರಬಹುದು. ಹೊಸ ವಿಳಾಸಕ್ಕೆ ಆಧಾರ್, ಕರೆಂಟ್ ಅಥವಾ ನೀರಿನ ಬಿಲ್, ಪಾಸ್‌ಬುಕ್, ನೋಂದಾಯಿತ ಬಾಡಿಗೆ ಕರಾರು, ಇವುಗಳಲ್ಲಿ ಒಂದು ಸಾಕು. ಹಳೆಯ ಕಡೆಯ ಹೆಸರು ತಾನೇ ಹೋಗುತ್ತದೆ. ಎಪಿಕ್ ನಂಬರ್ ಅದೇ ಉಳಿಯುತ್ತದೆ. ಮದುವೆಯಾಗಿ ಬೇರೆ ಊರಿಗೆ ಹೋದ ಹೆಣ್ಣುಮಕ್ಕಳಿಗೂ ಇದೇ ದಾರಿ.

2025ರ ಸೆಪ್ಟೆಂಬರ್‌ನಿಂದ ಪೋರ್ಟಲ್‌ನಲ್ಲಿ ಅರ್ಜಿಗೆ ಇ-ಸೈನ್ ಬಂದಿದೆ. ಆಧಾರ್‌ಗೆ ಜೋಡಿಸಿದ ಮೊಬೈಲಿಗೆ ಒಟಿಪಿ ಬರಬೇಕು. ಆ ನಂಬರ್ ಚಾಲ್ತಿಯಲ್ಲಿ ಇಲ್ಲದಿದ್ದರೆ ಅರ್ಜಿ ಅಲ್ಲೇ ನಿಲ್ಲುತ್ತದೆ. ಹಾಗಾದಾಗ ಬೇರೆಯವರ ಮೊಬೈಲಿಂದ ಏನೇನೋ ಮಾಡಲು ಹೋಗಬೇಡಿ. ಕಾಗದದ ಫಾರಂ ತುಂಬಿ ನಿಮ್ಮ ಮತಗಟ್ಟೆಯ ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಕೈಗೆ ಅಥವಾ ತಾಲ್ಲೂಕು ಕಚೇರಿಗೆ ಕೊಡಿ. ನಿಮ್ಮ ಬಿಎಲ್‌ಒ ಹತ್ತಿರದ ಶಾಲೆಯ ಮೇಷ್ಟ್ರೋ ಅಂಗನವಾಡಿ ಕಾರ್ಯಕರ್ತೆಯೋ ಆಗಿರುತ್ತಾರೆ. ಅವರ ಪರಿಚಯ ಮಾಡಿಕೊಳ್ಳುವುದು ಎಲ್ಲಕ್ಕಿಂತ ಒಳ್ಳೆಯದು. ಬೀಗ ಹಾಕಿದ ಮನೆ ಕಂಡಾಗ ಅವರು ನಿಮಗೊಂದು ಫೋನ್ ಮಾಡುತ್ತಾರೆ.

ಆದರೆ ಬಾಗಿಲಿಗೆ ಬಂದವರೆಲ್ಲ ಬಿಎಲ್‌ಒ ಅಲ್ಲ. 2022ರ ನವೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಬಯಲಾದ ಪ್ರಕರಣ ನೆನಪಿದೆಯಾ? ಖಾಸಗಿ ಸಂಸ್ಥೆಯೊಂದರ ಜನ ಬಿಎಲ್‌ಒ ಗುರುತಿನ ಚೀಟಿ ಇಟ್ಟುಕೊಂಡು ಮನೆಮನೆಯಿಂದ ಮತದಾರರ ಮಾಹಿತಿ ಪಡೆದಿದ್ದರು ಎಂಬ ಆರೋಪ ಬಂತು. ಆಯೋಗ ಶಿವಾಜಿನಗರ, ಚಿಕ್ಕಪೇಟೆ, ಮಹದೇವಪುರ ಕ್ಷೇತ್ರಗಳ ಪಟ್ಟಿಯನ್ನು ಮತ್ತೆ ಪರಿಶೀಲಿಸಲು ಹೇಳಿತು. ಬಂದವರ ಹೆಸರು ಕೇಳಿ, ಪೋರ್ಟಲ್‌ನಲ್ಲಿರುವ ಬಿಎಲ್‌ಒ ಹೆಸರಿಗೆ ಹೋಲಿಸಿ ನೋಡಿ. ಆಮೇಲೆ ಮಾಹಿತಿ ಕೊಡಿ.

ನಿಮ್ಮ ಹೆಸರಿನ ಮೇಲೆ ಫಾರಂ 7 ಬಂದಿದ್ದರೆ

ನೀವು ಕೇಳದೆಯೇ ನಿಮ್ಮ ಹೆಸರು ತೆಗೆಯಿರಿ ಅಂತ ಬೇರೆಯವರು ಅರ್ಜಿ ಹಾಕಬಹುದು. ಅದು ಕಾನೂನಿನಲ್ಲೇ ಇದೆ, ಅರ್ಜಿ ಹಾಕುವವರು ಅದೇ ಕ್ಷೇತ್ರದ ಮತದಾರರಾಗಿರಬೇಕು. ಇದು ಹೇಗೆ ಕೆಡುತ್ತದೆ ಅನ್ನುವುದಕ್ಕೆ ಕಲಬುರಗಿ ಜಿಲ್ಲೆಯ ಆಳಂದ ಸಾಕ್ಷಿ. 2023ರ ಚುನಾವಣೆಗೆ ಮೊದಲು ಆ ಒಂದೇ ಕ್ಷೇತ್ರದಲ್ಲಿ 6,018 ಫಾರಂ 7 ಅರ್ಜಿಗಳು ಆನ್‌ಲೈನಿನಲ್ಲಿ ಬಂದವು. ಪರಿಶೀಲಿಸಿದಾಗ ಸರಿ ಇದ್ದದ್ದು ಬರೀ 24. ಬಿಎಲ್‌ಒ ಒಬ್ಬರು ತಮ್ಮ ಹತ್ತಿರದ ಸಂಬಂಧಿಯ ಹೆಸರೇ ಅದರಲ್ಲಿರುವುದನ್ನು ಕಂಡು ಅನುಮಾನಪಟ್ಟಿದ್ದರಿಂದ ಇದು ಹೊರಬಂತು. ಉಳಿದ 5,994 ಅರ್ಜಿಗಳನ್ನು ತಿರಸ್ಕರಿಸಲಾಯಿತು. ಪೊಲೀಸ್ ಪ್ರಕರಣ ದಾಖಲಾಯಿತು. 2025ರಲ್ಲಿ ರಾಜ್ಯ ಸರ್ಕಾರ ಎಸ್‌ಐಟಿ ರಚಿಸಿತು.

ಬಂದ ಫಾರಂ 7 ಅರ್ಜಿಗಳ ಪಟ್ಟಿಗೆ ಫಾರಂ 10 ಅಂತ ಹೆಸರು. ಅದನ್ನು ನಿಮ್ಮ ಕ್ಷೇತ್ರದ ಮತದಾರರ ಪಟ್ಟಿ ನೋಡಿಕೊಳ್ಳುವ ನೋಂದಣಾಧಿಕಾರಿಯ ಕಚೇರಿಯ ಬೋರ್ಡಿನಲ್ಲೂ ವೆಬ್‌ಸೈಟಿನಲ್ಲೂ ಹಾಕುತ್ತಾರೆ. ಪಟ್ಟಿ ಪರಿಷ್ಕರಣೆಯ ದಿನಗಳಲ್ಲಿ ವಾರಕ್ಕೊಮ್ಮೆ ತೆರೆದು ನೋಡಿ. ನಿಮ್ಮ ಹೆಸರಿದ್ದರೆ ಬಿಎಲ್‌ಒಗೆ ಹೇಳಿ, ನೋಂದಣಾಧಿಕಾರಿಗೆ "ನಾನು ಇದೇ ಮನೆಯಲ್ಲಿದ್ದೇನೆ" ಅಂತ ವಿಳಾಸದ ದಾಖಲೆ ಸಮೇತ ಬರೆದುಕೊಡಿ, ಸ್ವೀಕೃತಿ ತೆಗೆದುಕೊಳ್ಳಿ. ಬಾಯಿಮಾತಿಗೆ ನಿಲ್ಲಿಸಬೇಡಿ. ನೋಟಿಸ್ ಕೊಡದೆ, ನಿಮ್ಮ ಮಾತು ಕೇಳದೆ ಹೆಸರು ತೆಗೆಯುವಂತಿಲ್ಲ. ತೆಗೆದರೆ, ಆದೇಶವಾದ 15 ದಿನದೊಳಗೆ ಜಿಲ್ಲಾಧಿಕಾರಿಗೆ ಮೇಲ್ಮನವಿ. ಅಲ್ಲೂ ಆಗದಿದ್ದರೆ 30 ದಿನದೊಳಗೆ ಮುಖ್ಯ ಚುನಾವಣಾಧಿಕಾರಿಗೆ.

ಇನ್ನೊಂದು ಮಾತು. ನಿಮ್ಮ ಮನೆಯಲ್ಲಿ ತೀರಿಕೊಂಡವರ ಹೆಸರು ಪಟ್ಟಿಯಲ್ಲಿದ್ದರೆ ಮರಣ ಪ್ರಮಾಣಪತ್ರ ಇಟ್ಟು ನೀವೇ ಫಾರಂ 7 ಕೊಡಿ. ಅಪ್ಪನ ಹೆಸರು ತೆಗೆಸಲು ಮನಸ್ಸು ಬರುವುದಿಲ್ಲ, ನನಗೂ ಬಂದಿರಲಿಲ್ಲ. ಆದರೆ ಆ ಹೆಸರಲ್ಲಿ ಬೇರೆ ಯಾರೋ ಓಟು ಹಾಕುವುದು ಅಪ್ಪನಿಗೆ ಗೌರವವಲ್ಲ.

ಯಾವಾಗ?

ಈಗಲೇ. ಅರ್ಹತಾ ದಿನಾಂಕ, ಅಂದರೆ 18 ತುಂಬಿರಬೇಕಾದ ದಿನ, ಮೊದಲು ಜನವರಿ 1 ಒಂದೇ ಇತ್ತು. 2021ರ ಕಾಯ್ದೆ ತಿದ್ದುಪಡಿಯ ನಂತರ ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1 ಅಂತ ನಾಲ್ಕು. 17 ತುಂಬಿದ ಮಕ್ಕಳು ಮುಂಚೆಯೇ ಅರ್ಜಿ ಹಾಕಿಡಬಹುದು. ನಾಮಪತ್ರಕ್ಕೆ ಕೊನೆಯ ದಿನ ಮುಗಿದ ಮೇಲೆ ಪಟ್ಟಿಯನ್ನು ಯಾರೂ ಮುಟ್ಟುವಂತಿಲ್ಲ. 2023ರಲ್ಲಿ ಆ ದಿನ ಏಪ್ರಿಲ್ 20. ಆಕ್ಷೇಪಣೆಗೆ ಏಳು ದಿನ ಬಿಡಬೇಕಾದ್ದರಿಂದ, ಅದಕ್ಕೂ ಸುಮಾರು 10 ದಿನ ಮೊದಲು ಬಂದ ಅರ್ಜಿಗಷ್ಟೇ ಬೆಲೆ. ಅರ್ಜಿ ಹಾಕಿದ ಮೇಲೆ ಬರುವ ರೆಫರೆನ್ಸ್ ನಂಬರ್ ಜೋಪಾನ. ವಾರಕ್ಕೊಮ್ಮೆ ಸ್ಥಿತಿ ನೋಡಿ.

ಓಟಿನ ದಿನ

ಪ್ರತಿ ಚುನಾವಣೆಯಲ್ಲೂ ಒಂದು ಮೆಸೇಜ್ ಓಡಾಡುತ್ತದೆ: "ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಆಧಾರ್ ತೋರಿಸಿ, ಸೆಕ್ಷನ್ 49ಎ ಪ್ರಕಾರ ಚಾಲೆಂಜ್ ವೋಟ್ ಕೇಳಿ." ಇದು ಸುಳ್ಳು. ನಂಬಿ ಬಂದವರು ಮತಗಟ್ಟೆ ಅಧಿಕಾರಿಯ ಜೊತೆ ಜಗಳ ಮಾಡಿ ಕಣ್ಣೀರಿಟ್ಟು ಹೋಗಿದ್ದನ್ನು ನೋಡಿದ್ದೇನೆ. ನಿಜವಾಗಿ ಇರುವುದು 49ಪಿ ನಿಯಮ. ಪಟ್ಟಿಯಲ್ಲಿ ನಿಮ್ಮ ಹೆಸರಿದ್ದು, ನಿಮಗಿಂತ ಮೊದಲೇ ಬೇರೆಯವರು ನಿಮ್ಮ ಹೆಸರಲ್ಲಿ ಓಟು ಹಾಕಿಬಿಟ್ಟಿದ್ದರೆ, ಟೆಂಡರ್ ವೋಟ್ ಕೇಳಿ. ನೀವೇ ನೀವು ಅನ್ನುವುದು ಅಧಿಕಾರಿಗೆ ಖಾತ್ರಿಯಾದರೆ ಕಾಗದದ ಮತಪತ್ರ ಕೊಡುತ್ತಾರೆ. ಅದು ಯಂತ್ರಕ್ಕೆ ಹೋಗುವುದಿಲ್ಲ, ಬೇರೆ ಲಕೋಟೆಯಲ್ಲಿ ಉಳಿಯುತ್ತದೆ. ಆದರೂ ಕೇಳಿ ಪಡೆಯಿರಿ, ದಾಖಲೆ ಉಳಿಯುತ್ತದೆ.

ಪಂಚಾಯಿತಿ, ಪಾಲಿಕೆ ಚುನಾವಣೆಗಳನ್ನು ನಡೆಸುವುದು ರಾಜ್ಯ ಚುನಾವಣಾ ಆಯೋಗ. ವಿಧಾನಸಭೆಯ ಪಟ್ಟಿಯನ್ನೇ ವಾರ್ಡ್‌ವಾರು ಒಡೆದು ಬೇರೆ ಪಟ್ಟಿ ಮಾಡುತ್ತಾರೆ. ಒಡೆಯುವಾಗ ನಿಮ್ಮ ಬೀದಿ ಪಕ್ಕದ ವಾರ್ಡಿಗೆ ಸೇರಿಬಿಡಬಹುದು. ಬೆಂಗಳೂರಿನಲ್ಲಿ 2025ರಲ್ಲಿ ಐದು ಪಾಲಿಕೆಗಳಾಗಿ ವಾರ್ಡುಗಳೆಲ್ಲ ಬದಲಾಗಿವೆ. ಅಲ್ಲಿರುವವರು ಹಳೆಯ ವಾರ್ಡ್ ನಂಬರ್ ನಂಬಿಕೊಳ್ಳದೆ, ಕರಡು ಪಟ್ಟಿ ಬಂದ ದಿನವೇ ಆ ಪಟ್ಟಿಯನ್ನೂ ತೆರೆದು ತಮ್ಮ ಬೀದಿ ಎಲ್ಲಿದೆ ಅಂತ ನೋಡಿಕೊಳ್ಳಬೇಕು. ಆಕ್ಷೇಪಣೆಗೆ ಕೊಡುವ ದಿನಗಳು ಅಲ್ಲಿ ಕಡಿಮೆ.