ಬಸ್ತರ್ ಕಾಡಿನಲ್ಲಿ ಮಂಜು ಕಟ್ಟಿದ ಲೆನ್ಸ್

ಮಳೆಗಾಲದಲ್ಲಿ ಛತ್ತೀಸ್‌ಗಢದ ಬಸ್ತರ್ ಪ್ರದೇಶದ ಸುಕ್ಮಾ ಕಾಡಿಗೆ ಸಿಆರ್‌ಪಿಎಫ್ ಯೋಧರ ಗಸ್ತಿನ ಜೊತೆ ಫೋಟೋ ತೆಗೆಯಲು ಹೋಗಿದ್ದೆ. ಮೊದಲ ದಿನವೇ ಕ್ಯಾಮೆರಾ ಲೆನ್ಸ್ ತುಂಬಾ ಮಂಜು. ಒರೆಸಿದರೂ ಎರಡೇ ನಿಮಿಷದಲ್ಲಿ ಮತ್ತೆ ಹಾಗೇ. ನಕ್ಸಲರ ನೆಲಬಾಂಬಿನ ಭಯಕ್ಕೆ ಯೋಧರು ಒಬ್ಬರ ಹಿಂದೆ ಒಬ್ಬರು, ಅದೇ ಹೆಜ್ಜೆಯ ಮೇಲೆ ಕಾಲಿಟ್ಟು ನಡೆಯುತ್ತಿದ್ದರು. ನಾನು ಒರೆಸುತ್ತಾ ನಿಂತರೆ ಇಡೀ ಸಾಲೇ ನಿಲ್ಲಬೇಕು. ನನ್ನಿಂದ ಅವರಿಗೆ ಅಪಾಯ, ಅದೇ ಜಾಸ್ತಿ ನೋಯಿಸಿತು.

ಕಾರಣ ರಾತ್ರಿ ಹೊಳೆಯಿತು. ಕ್ಯಾಮೆರಾ ಜಗದಲ್‌ಪುರದ ಎಸಿ ರೂಮಿನಲ್ಲಿತ್ತು, ಆಮೇಲೆ ಎಸಿ ಕಾರಿನಲ್ಲಿ. ತಣ್ಣನೆಯ ಗಾಜಿಗೆ ತೇವದ ಬಿಸಿಗಾಳಿ ತಾಗಿದರೆ ಹನಿ ಕಟ್ಟುತ್ತದೆ, ಅಲ್ವಾ?

ಮುಂದಿನ ಸಲ ಎಸಿ ಹಾಕದೆ ಮಲಗಿದೆ. ಕ್ಯಾಮೆರಾವನ್ನು ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಜಿಪ್ ಕವರಿನಲ್ಲಿಟ್ಟೆ. ಕ್ಯಾಂಪಿನಲ್ಲಿ ಒಂದು ಗಂಟೆ ಬಿಟ್ಟು ತೆಗೆದೆ. ತೇವ ಒಳಗೆ ಹೋಗದಿರಲಿ ಎಂದು ಕಾಡಿನಲ್ಲಿ ಲೆನ್ಸ್ ಬದಲಿಸಲೇ ಇಲ್ಲ. ಹಳ್ಳ ದಾಟುವ ಯೋಧರ ಮುಖಗಳು ಸ್ಪಷ್ಟವಾಗಿ ಬಂದವು.