ದಾವಣಗೆರೆಗೆ ಬಂದಿರಾ? ಊರಿನ ರೇಷನ್ ಕಾರ್ಡ್ ಜೋಪಾನ

ಕೆಲಸ ಹುಡುಕಿಕೊಂಡು ಬಂದವರು ನಮ್ಮ ಸಂಘದಲ್ಲಿ ಮೊದಲು ಕೇಳುವುದು ಬಾಡಿಗೆ ಮನೆ. ಮನೆ ಹೇಗೋ ಸಿಗುತ್ತದೆ. ಊರಿನ ರೇಷನ್ ಕಾರ್ಡ್ ಮಾತ್ರ ರದ್ದು ಮಾಡಿಸಿಕೊಂಡು ಬರಬೇಡಿ. ಗೃಹಲಕ್ಷ್ಮಿಯ 2,000 ರೂಪಾಯಿಯೂ ಅದೇ ಕಾರ್ಡಿನ ಮೇಲೆ ನಿಂತಿದೆ. ಕೊಪ್ಪಳದ ಕಾರ್ಡಾಗಲಿ, ರಾಯಚೂರಿನದಾಗಲಿ, ಇಲ್ಲಿನ ನ್ಯಾಯಬೆಲೆ ಅಂಗಡಿಯಲ್ಲೇ ಬೆರಳೊತ್ತಿ ಅಕ್ಕಿ ತರಬಹುದು. "ಇದು ಇಲ್ಲಿ ನಡೆಯಲ್ಲ" ಅಂದರೆ ಸುಮ್ನೆ ವಾಪಸ್ ಬರಬೇಡಿ.

ಬೆರಳಿನದೇ ಒಂದು ಕಥೆ. ನಾನು ಬಂದ ಹೊಸದರಲ್ಲಿ ಮಂಡಕ್ಕಿ ಭಟ್ಟಿಯಲ್ಲಿದ್ದೆ. ಕಾದ ಮರಳು, ಹೊಟ್ಟಿನ ಹೊಗೆ, ದಿನವಿಡೀ ಜರಡಿ ಹಿಡಿದು ಹೆಬ್ಬೆಟ್ಟಿನ ಗೆರೆಯೇ ಸವೆದುಹೋಗಿತ್ತು. ಅಂಗಡಿಯ ಮೆಷಿನ್ ಮೂರು ಸಲ ಒಪ್ಪಲಿಲ್ಲ. ಹಿಂದೆ ನಿಂತಿದ್ದ ಅಜ್ಜಿ "ಉಂಗುರದ ಬೆರಳು ಇಡಪ್ಪಾ" ಅಂದರು. ಬಂತು ನೋಡಿ! ಭಟ್ಟಿಗೆ, ಗಾರೆ ಕೆಲಸಕ್ಕೆ ಹೋಗುವವರು ಇದನ್ನು ನೆನಪಿಟ್ಟುಕೊಳ್ಳಿ.

ಬಾಡಿಗೆಯವರಿಗೂ ಗೃಹಜ್ಯೋತಿಯ ಉಚಿತ ಕರೆಂಟ್ ಇದೆ. ಆದರೆ ಹಳೆ ಮನೆಯ ಆರ್‌ಆರ್ ನಂಬರಿನಿಂದ (ಕರೆಂಟ್ ಬಿಲ್ಲಿನಲ್ಲಿರುವ ಮೀಟರ್ ಸಂಪರ್ಕದ ನಂಬರು) ಆಧಾರ್ ಬಿಡಿಸಿ, ಆಮೇಲೆ ಹೊಸ ಮನೆಗೆ ಅರ್ಜಿ ಹಾಕಿ. 200 ಯೂನಿಟ್ ಅಂದರೆ ಎಲ್ಲರಿಗೂ 200 ಫ್ರೀ ಅಂತಲ್ಲ, ಅದು ಗರಿಷ್ಠ ಮಿತಿ.

ಇನ್ನು ಸಂಬಳ. ಕಾಟನ್ ಮಿಲ್ಲುಗಳ ಕಾಲ ಮುಗಿಯಿತು. ಈಗ ಹೆಚ್ಚಿನವರು ಅಕ್ಕಿ ಗಿರಣಿ, ಎಪಿಎಂಸಿ, ಅಂಗಡಿ, ಕಟ್ಟಡದ ಕೆಲಸದಲ್ಲಿದ್ದಾರೆ. ಇಎಸ್‌ಐ, ಅಂದರೆ ಕಾರ್ಮಿಕರ ಆರೋಗ್ಯ ವಿಮೆ, ಅನ್ವಯಿಸುವ ಕಡೆ ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇದ್ದವರಿಂದ ಹಿಡಿಯುವುದು ಶೇ. 0.75 ಮಾತ್ರ, ಮಾಲೀಕರು ಕಟ್ಟುವುದು ಶೇ. 3.25. ದುಡ್ಡು ಹಿಡಿಯುತ್ತಾರೆ, ಇಎಸ್‌ಐ ಕಾರ್ಡ್ ಕೊಡಲ್ಲ ಅಂದರೆ ಎಲ್ಲೋ ಎಡವಟ್ಟಿದೆ. ಕೆಲಸಕ್ಕೆ ಹೋದ ದಿನ, ಕೊಟ್ಟ ದುಡ್ಡು ಎರಡನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಓವರ್‌ಟೈಮಿಗೆ ಕಾನೂನಿನ ಪ್ರಕಾರ ಡಬಲ್ ರೇಟು, ಆ ಜಗಳದಲ್ಲಿ ನಿಮ್ಮ ಕೈ ಹಿಡಿಯುವುದು ಈ ನೋಟ್‌ಬುಕ್ಕೇ.

ಕಾರ್ಡು, ಪಾಸ್‌ಬುಕ್ ಅಂತ ಯಾಕಿಷ್ಟು ತಲೆ ತಿನ್ನುತ್ತೇವೆ ಅಂದರೆ, ವಿಭಜನೆಗೆ ಮುಂಚಿನ ಆಂಧ್ರದ 157 ಮಂಡಲಗಳಲ್ಲಿ ಅರ್ಥಶಾಸ್ತ್ರಜ್ಞ ಕಾರ್ತಿಕ್ ಮುರಳೀಧರನ್ ಮತ್ತು ಜೊತೆಯವರು ಮಾಡಿದ ಅಧ್ಯಯನವೊಂದಿದೆ, 2023ರಲ್ಲಿ ಪ್ರಕಟವಾಯಿತು. ಅಲ್ಲಿ ಉದ್ಯೋಗ ಖಾತ್ರಿ ಕೂಲಿಯನ್ನು ಸ್ಮಾರ್ಟ್ ಕಾರ್ಡಿನಲ್ಲಿ ಸರಿಯಾಗಿ ತಲುಪಿಸಿದಾಗ ಬಡ ಮನೆಗಳ ಗಳಿಕೆ ಸುಮಾರು ಶೇ. 14 ಏರಿತು. ತಮಾಷೆ ಏನೆಂದರೆ, ಅದರಲ್ಲಿ ಬಹುಪಾಲು ಸರ್ಕಾರದ ದುಡ್ಡಲ್ಲ, ಹೊರಗಿನ ಕೆಲಸದ ದುಡ್ಡು! ಸರ್ಕಾರದ ಕೂಲಿ ಗ್ಯಾರಂಟಿ ಆದಾಗ ಜನ ಹೊರಗಿನ ಕಡಿಮೆ ಕೂಲಿಗೆ ಸುಲಭವಾಗಿ ಒಪ್ಪಲಿಲ್ಲ. ಅದು ಹಳ್ಳಿಗಳ ವಿಷಯ ನಿಜ, ಆದರೆ ಮನೆಯಲ್ಲಿ ಅಕ್ಕಿ ಇದ್ದವನು "ಇಷ್ಟಕ್ಕೆ ಬರಲ್ಲ" ಅಂತ ಮೇಸ್ತ್ರಿಗೆ ಧೈರ್ಯವಾಗಿ ಹೇಳುವುದು ಇಲ್ಲೂ ಹಾಗೇ ಅಲ್ವಾ?

ಆಧಾರ್, ಪಾಸ್‌ಬುಕ್, ಕರೆಂಟ್ ಬಿಲ್ ಹಿಡಿದುಕೊಂಡು ಬನ್ನಿ. ಅರ್ಜಿ ನಾವು ತುಂಬಿಕೊಡುತ್ತೇವೆ, ಬೆಣ್ಣೆದೋಸೆ ನೀವು ಕೊಡಿಸಿ.